ಸಾಕಿದ ಮೊಲಕ್ಕೆ ಮೂರೇ ಸೊಪ್ಪು

ಬೆಂಗಳೂರಿನಲ್ಲಿ ಈಗ ಮೊಲಗಳದ್ದೊಂದು ಹೊಸ ತಳಿ ಹುಟ್ಟಿಕೊಂಡಿದೆ. ಇದು ಹುಲ್ಲು ಮುಟ್ಟುವುದಿಲ್ಲ, ಸೊಪ್ಪು ಕಂಡರೆ ಮುಖ ತಿರುಗಿಸುತ್ತದೆ, ಮೇರಿ ಬಿಸ್ಕತ್ತು ತೋರಿಸಿದರೆ ಮಾತ್ರ ಹಿಂಗಾಲ ಮೇಲೆ ನಿಂತು ಸಲಾಮು ಹೊಡೆಯುತ್ತದೆ. ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲಿ ಇದರ ಪ್ರಸ್ತಾಪವಿಲ್ಲ. ಎರಡು ಬೆಡ್‌ರೂಮು, ಒಂದು ಬಾಲ್ಕನಿ, ತೀರದ ಇಎಂಐ ಇರುವ ಫ್ಲ್ಯಾಟುಗಳಲ್ಲಷ್ಟೇ ಕಾಣಸಿಗುತ್ತದೆ.

ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲೂ ಒಂದಿದೆ. ಹೆಸರು ಮಫಿನ್. ಹುಲ್ಲು ತಿನ್ನಬೇಕಾದ ಪ್ರಾಣಿಗೆ ಬೇಕರಿ ತಿಂಡಿಯ ಹೆಸರಿಟ್ಟ ದಿನವೇ ಅದರ ಹಣೆಬರಹ ಬರೆದಾಗಿತ್ತು. ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ಮಫಿನ್‌ನ ಮಮ್ಮಿ (ಅವರೇ ಹಾಗೆ ಹೇಳಿಕೊಳ್ಳುತ್ತಾರೆ, ನನ್ನ ಕುಹಕವಲ್ಲ) ಅಲವತ್ತುಕೊಳ್ಳುತ್ತಾರೆ: "ಏನ್ ಮಾಡೋದು ಅಂಕಲ್, ನಮ್ ಮಫಿನ್ ತುಂಬಾ ಚೂಸಿ. ಸೊಪ್ಪು ಅಂದ್ರೆ ಆಗಲ್ಲ ಅವನಿಗೆ." ಕೊರಗೇನೋ ನಿಜ. ಆದರೆ ಮಗನಿಗೆ ಕನ್ನಡ ಓದೋಕೆ ಬರೋಲ್ಲ ಎನ್ನುವಾಗ ಕೆಲವರ ದನಿಯಲ್ಲಿ ಒಂದು ಹೆಮ್ಮೆ ಇಣುಕುತ್ತದಲ್ಲ, ಅದು ಇಲ್ಲೂ ಇಣುಕುತ್ತದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುತ್ತಿದ್ದ ಕಾಲ ಹೋಯಿತು. ಈಗ ಮೊಲವನ್ನು ಯಾರೂ ಹಿಡಿಯುವುದಿಲ್ಲ, ಕೊಳ್ಳುತ್ತಾರೆ. ಕಾಲು ನಾಲ್ಕೂ ಇರುತ್ತವೆ. ಹಟ ಮಾತ್ರ ಹಾಗೇ ಉಳಿದುಕೊಂಡಿದೆ: "ಬೇರೆ ಮೊಲ ತಿನ್ನಬಹುದು, ನಮ್ಮದು ತಿನ್ನಲ್ಲ."

ಮಫಿನ್ ಮಹಾಶಯನ ದಿನಚರಿಯನ್ನು ಸ್ವಲ್ಪ ನೋಡಿ. ಬೆಳಗ್ಗೆ ಮಗುವಿನ ಬಟ್ಟಲಿನಲ್ಲಿ ಉಳಿದ ಕಾರ್ನ್‌ಫ್ಲೇಕ್ಸ್. ಹತ್ತು ಗಂಟೆಗೆ ಕಾಫಿಯ ಜೊತೆ ಅರ್ಧ ಬಿಸ್ಕತ್ತು. ಕಾಫಿ ಮಮ್ಮಿಗೆ, ಬಿಸ್ಕತ್ತು ಮಗನಿಗೆ. ಆಮೇಲೆ ಅಂಗಡಿಯವನು ಕೊಟ್ಟ ಬಣ್ಣಬಣ್ಣದ ಗುಳಿಗೆ, ಅದರಲ್ಲಿ ಒಣ ಜೋಳವೂ ಸೂರ್ಯಕಾಂತಿ ಬೀಜವೂ ಬೆರೆತಿರುತ್ತವೆ. ಸಂಜೆ ಬಾಳೆಹಣ್ಣು. ಡ್ಯಾಡಿ ಆಫೀಸಿನಿಂದ ಬಂದ ಸಂಭ್ರಮಕ್ಕೆ ಒಂದು ಕ್ಯಾರೆಟ್. ಇಷ್ಟರ ನಡುವೆ ಮಧ್ಯಾಹ್ನ ಒಂದೂವರೆಗೆ, ಮೊಲ ಕಣ್ಣು ಅರೆಮುಚ್ಚಿ ಬಿದ್ದುಕೊಂಡಿರುವ ಹೊತ್ತಿನಲ್ಲಿ, ಫ್ರಿಜ್ಜಿನಿಂದ ತೆಗೆದ ಒಂದು ಬಾಡಿದ ಮೆಂತ್ಯದ ಕಡ್ಡಿಯನ್ನು ಮೂಗಿಗೆ ಹಿಡಿಯಲಾಗುತ್ತದೆ. ಮೊಲ ಮುಂಜಾನೆ ಮತ್ತು ಮುಸ್ಸಂಜೆ ಚುರುಕಾಗಿರುವ ಪ್ರಾಣಿ; ನಡುಹಗಲು ಅದರ ನಿದ್ದೆಯ ಹೊತ್ತು. ಮಫಿನ್ ಒಂದು ಕಣ್ಣು ತೆರೆದು, ಮದುವೆಮನೆಯ ಪಾಯಸ ರುಚಿ ನೋಡುವ ಗಂಡಿನ ಸೋದರತ್ತೆಯ ಹಾಗೆ ಮೂಗು ಅಲುಗಿಸಿ, ಮತ್ತೆ ಮಲಗುತ್ತಾನೆ. "ನೋಡಿದ್ರಾ? ತಿನ್ನಲ್ಲ!" ತೀರ್ಪು ಹೊರಬೀಳುತ್ತದೆ. ಮೇಲ್ಮನವಿಗೆ ಅವಕಾಶವಿಲ್ಲ.

ನೆನಪಿರಲಿ, ಇಷ್ಟೆಲ್ಲ ನಾಜೂಕು ತೋರಿಸುವ ಈ ಮಹಾನುಭಾವ ತನ್ನದೇ ಹಿಕ್ಕೆ ತಿನ್ನುವವನು. ಗಟ್ಟಿ ಹಿಕ್ಕೆಯಲ್ಲ, ಕರುಳಿನಲ್ಲಿ ಹುದುಗಿ ಬರುವ ಮೆತ್ತನೆಯ ಇನ್ನೊಂದು ಬಗೆ. ನೆಲಕ್ಕೆ ಬೀಳುವ ಮೊದಲೇ ಬಾಯಿ ಹಾಕಿ ನುಂಗುತ್ತಾನೆ. ನಾರಿನಲ್ಲಿ ಅಡಗಿದ ಸಾರವನ್ನು ಎರಡನೇ ಸುತ್ತಿನಲ್ಲಿ ಹೀರಿಕೊಳ್ಳಲು ಪ್ರಕೃತಿ ಮಾಡಿಟ್ಟ ಏರ್ಪಾಡು ಅದು. ಇಂಥ ಜೀವಿಗೆ ಕೊತ್ತಂಬರಿ ಸೊಪ್ಪಿನ ವಾಸನೆ ಹಿಡಿಸುವುದಿಲ್ಲ ಎಂದು ನಾವು ನಂಬಬೇಕು.

ಕ್ಯಾರೆಟ್ಟಿನ ವಿಚಾರಕ್ಕೆ ಬರೋಣ. ಮೊಲವೆಂದರೆ ಕ್ಯಾರೆಟ್ ಎಂಬ ವೇದವಾಕ್ಯವನ್ನು ನಮಗೆ ದಯಪಾಲಿಸಿದ್ದು ಹಾಲಿವುಡ್. 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್' ಸಿನಿಮಾದಲ್ಲಿ ಕ್ಲಾರ್ಕ್ ಗೇಬಲ್ ಬೇಲಿಗೊರಗಿ ಕ್ಯಾರೆಟ್ ಕಡಿಯುತ್ತ ಬಾಯ್ತುಂಬ ಮಾತಾಡುತ್ತಾನೆ. 1940ರಲ್ಲಿ ಬಗ್ಸ್ ಬನ್ನಿ ಎಂಬ ಕಾರ್ಟೂನ್ ಮೊಲ ಬಂದಾಗ ಆ ಭಂಗಿಯನ್ನೇ ಅದಕ್ಕೆ ಅಂಟಿಸಿದರು. ಆವತ್ತಿನ ಪ್ರೇಕ್ಷಕರು ಅದು ಅಣಕ ಎಂದು ತಿಳಿದು ನಕ್ಕರು. ನಾವು ನಗಲಿಲ್ಲ, ಪಾಲಿಸಿದೆವು. ಒಬ್ಬ ನಟ ತೆರೆಯ ಮೇಲೆ ಅಗಿದ ಗಡ್ಡೆ, ಭೂಮಿಯ ಮೇಲಿನ ಅಷ್ಟೂ ಮೊಲಗಳ ರಾಷ್ಟ್ರೀಯ ಆಹಾರವಾಯಿತು. ಕ್ಯಾರೆಟ್ ಗಡ್ಡೆಯಲ್ಲಿ ಸಕ್ಕರೆ ಹೆಚ್ಚು. ಮೊಲಕ್ಕೆ ಅದು ಯಾವಾಗಲಾದರೊಮ್ಮೆ ಕೊಡುವ ಸಿಹಿತಿಂಡಿ, ಅಷ್ಟೆ. ಅದರ ತಲೆಯ ಮೇಲಿನ ಸೊಪ್ಪು ನಿಜವಾದ ಊಟ. ಆ ಸೊಪ್ಪನ್ನು ನಾವು ಕೊಳ್ಳುವ ಮೊದಲೇ ಅಂಗಡಿಯವನು ಕತ್ತರಿಸಿ ತಿಪ್ಪೆಗೆ ಎಸೆದಿರುತ್ತಾನೆ.

ಹಾಗಾದರೆ ಮಫಿನ್ ಸೊಪ್ಪು ಬಿಟ್ಟದ್ದೇಕೆ? ಬಿಟ್ಟದ್ದಲ್ಲ, ಅವನಿಗೆ ಯಾರೂ ಅದನ್ನು ಪರಿಚಯಿಸಿಯೇ ಇಲ್ಲ. ಯಾವ ಎಲೆ ತಿನ್ನಬಹುದು ಎಂಬ ಮೊದಲ ಪಾಠ ಮೊಲದ ಮರಿಗೆ ತಾಯಿಯಿಂದಲೇ ಸಿಗುತ್ತದೆ: ತಾಯಿ ತಿಂದದ್ದರ ವಾಸನೆ ಗರ್ಭದಲ್ಲಿ ಸಿಗುತ್ತದೆ, ಹಾಲಿನಲ್ಲಿ ಸಿಗುತ್ತದೆ, ಆಕೆ ಗೂಡಿನಲ್ಲಿ ಬಿಟ್ಟುಹೋಗುವ ಹಿಕ್ಕೆಯಲ್ಲೂ ಸಿಗುತ್ತದೆ. ಮುಂದೆ ಆ ವಾಸನೆಯ ಎಲೆಯನ್ನೇ ಮರಿ ಮೊದಲು ಹುಡುಕುತ್ತದೆ. ಈಗ ಪಂಜರದಲ್ಲಿ ಗುಳಿಗೆ ತಿಂದು ಹೆತ್ತ ತಾಯಿಯ ಮರಿಯನ್ನು, ಕಣ್ಣು ಬಿಟ್ಟ ಕೆಲವೇ ದಿನಕ್ಕೆ ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ಮಾರಿದರೆ, ಅದಕ್ಕೆ ಸಬ್ಬಸಿಗೆ ಯಾವ ಜನ್ಮದಲ್ಲಿ ಗೊತ್ತಿರಬೇಕು? ಗೊತ್ತಿಲ್ಲದ್ದನ್ನು ಕಂಡರೆ ಅನುಮಾನಿಸುವುದು ಮೊಲದ ಹುಟ್ಟುಗುಣ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಹೊರಗೆ ಬಾರದು. ಅಂಥ ಪ್ರಾಣಿ ಮೂಸಿ ನೋಡಿ ಹಿಂದೆ ಸರಿದರೆ ಅದು ಕೊಬ್ಬಲ್ಲ, ವಿವೇಕ. ನಮ್ಮಲ್ಲಿ ಎಷ್ಟು ಜನ ಪಾನಿಪುರಿಯವನ ಬಕೆಟ್ಟನ್ನು ಮೂಸಿ ನೋಡಿದ್ದೇವೆ?

ತಾಯಿ ಕಲಿಸದಿದ್ದರೆ ಬೇಡ, ಸಾಕಿದ ಮನೆಯಾದರೂ ಕಲಿಸಬಹುದಿತ್ತು. ಆ ಮನೆಯ ಊಟದ ಮೇಜನ್ನೂ ನೋಡಿದ್ದೇನೆ. ಡ್ಯಾಡಿ ಉಪ್ಪಿಟ್ಟಿನಿಂದ ಕರಿಬೇವು ಆರಿಸಿ ತಟ್ಟೆಯಂಚಿನಲ್ಲಿ ಸಾಲಾಗಿ ಪೇರಿಸುತ್ತಾರೆ. ಮಗಳು ಸಾರಿನ ಮೇಲೆ ತೇಲುವ ಕೊತ್ತಂಬರಿಯನ್ನು ಚಮಚದಿಂದ ಬಹಿಷ್ಕರಿಸುತ್ತಾಳೆ. ಊರಿಂದ ಬಂದ ಅಜ್ಜಿ ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡಿ ಮುದ್ದೆ ತೊಳಸಿದ ದಿನ, ಸಂಜೆ ಏಳಕ್ಕೆ ಬಾಗಿಲಲ್ಲಿ ಪಿಜ್ಜಾ ಹುಡುಗ ನಿಂತಿರುತ್ತಾನೆ. ಈ ಮನೆಯಲ್ಲಿ ಮೊಲವೊಂದೇ ಸೊಪ್ಪು ತಿನ್ನಬೇಕಂತೆ!

ತಿನ್ನಿಸಲು ಹೊರಟರೆ ಶುರುವಾಗುವುದು ಇನ್ನೊಂದು ಪ್ರಹಸನ. ಇಂಗ್ಲಿಷ್ ಪುಸ್ತಕ ನೋಡಿ ಪಟ್ಟಿ ತಯಾರಾಗುತ್ತದೆ: ಕೇಲ್, ಪಾರ್ಸ್ಲಿ, ರೊಮೇನ್ ಲೆಟಿಸ್. ಹವಾನಿಯಂತ್ರಿತ ಅಂಗಡಿಯಲ್ಲಿ ಪೊಟ್ಟಣ ಕಟ್ಟಿದ ಕೇಲ್ ಸಿಗುತ್ತದೆ. ಆ ಬೆಲೆಗೆ ಸೊಪ್ಪಿನ ಗಾಡಿಯನ್ನು ಅರ್ಧ ಖಾಲಿ ಮಾಡಬಹುದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಕೇಲ್, ಹೂಕೋಸು, ಎಲೆಕೋಸು, ನಮ್ಮ ನವಿಲುಕೋಸು ಎಲ್ಲವೂ ಒಂದೇ ಪ್ರಭೇದದ ಮಕ್ಕಳು. ನವಿಲುಕೋಸಿನ ಎಲೆ ಮುರಿದು ಎಸೆದು ಗಡ್ಡೆ ಮನೆಗೆ ತರುವ ಕೈ, ಮುಂದಿನ ಅಂಗಡಿಯಲ್ಲಿ ಅದರ ಒಡಹುಟ್ಟನ್ನು ದುಡ್ಡು ಕೊಟ್ಟು ಕೊಳ್ಳುತ್ತದೆ. ಪಾರ್ಸ್ಲಿಯ ಕಥೆಯೂ ಇದೇ: ಕೊತ್ತಂಬರಿ, ಸಬ್ಬಸಿಗೆ, ಕ್ಯಾರೆಟ್ ಎಲ್ಲ ಅದರ ದಾಯಾದಿಗಳು. ಬಿಯಾಟ್ರಿಕ್ಸ್ ಪಾಟರ್ ಬರೆದ 1902ರ ಪುಸ್ತಕದ ಪೀಟರ್ ಮೊಲ, ತೋಟಕ್ಕೆ ನುಗ್ಗಿ ಹೊಟ್ಟೆಬಿರಿಯ ತಿಂದ ಮೇಲೆ ಪಾರ್ಸ್ಲಿ ಹುಡುಕಿಕೊಂಡು ಹೋಗುತ್ತದೆ. ಅದು ಇಂಗ್ಲೆಂಡಿನ ಮೊಲ, ಅಲ್ಲಿ ಸಿಕ್ಕಿದ್ದನ್ನು ಹುಡುಕಿತು. ನಮ್ಮ ಮೊಲದ ತಪ್ಪೇನು?

ಹುಲ್ಲಿನ ಪ್ರಸಂಗ ಇದಕ್ಕಿಂತ ರಸವತ್ತಾಗಿದೆ. ಮೊಲದ ಊಟದಲ್ಲಿ ಐದರಲ್ಲಿ ನಾಲ್ಕು ಪಾಲು ಹುಲ್ಲು ಇರಬೇಕು. ಬಾಯಲ್ಲಿರುವ 28 ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಒರಟು ಹುಲ್ಲನ್ನು ಅರೆದರೇ ಅವು ಸವೆಯುವುದು. ಇದನ್ನು ಕೇಳಿದ ಮೂರನೇ ಮಹಡಿ ಕೂಡಲೇ ಅಮೆರಿಕದ ತಿಮೊಥಿ ಹುಲ್ಲು ತರಿಸಿತು. ಹದಿನೆಂಟನೇ ಶತಮಾನದ ತಿಮೊಥಿ ಹ್ಯಾನ್ಸನ್ ಎಂಬ ರೈತನ ಹೆಸರು ಹೊತ್ತ ಹುಲ್ಲು ಅದು. ಒಳ್ಳೆಯದೇ, ಅನುಮಾನವಿಲ್ಲ. ಅದೇ ಅಮೆರಿಕದಲ್ಲಿ ಮೊಲಗಳಿಗೆ ಬರ್ಮುಡಾ ಎಂಬ ಇನ್ನೊಂದು ಹುಲ್ಲನ್ನೂ ಒಣಗಿಸಿ ಮಾರುತ್ತಾರೆ. ಬರ್ಮುಡಾ ಎಂದ ಕೂಡಲೇ ಸಮುದ್ರ, ದ್ವೀಪ, ರಜೆ ಎಲ್ಲ ಕಣ್ಮುಂದೆ ಬಂದವೇ? ಸ್ವಲ್ಪ ತಡೆಯಿರಿ. ಅದು ನಮ್ಮ ಗರಿಕೆ. ಗಣೇಶನ ಹಬ್ಬದ ದಿನ ಇಪ್ಪತ್ತೊಂದು ಎಣಿಸಿ ಏರಿಸುತ್ತೇವಲ್ಲ, ಅದೇ. ನಮ್ಮ ಅಪಾರ್ಟ್‌ಮೆಂಟಿನ ಮಾಲಿ ಅದನ್ನು ಕಾಂಪೌಂಡಿನ ಬದಿಯಿಂದ ಕಿತ್ತು ಕಸದ ಚೀಲಕ್ಕೆ ತುಂಬುತ್ತಾನೆ. ಬರ್ಮುಡಾ ಹುಲ್ಲನ್ನು ಕೆಳಗೆ ಕಿತ್ತೆಸೆದು, ತಿಮೊಥಿ ಹುಲ್ಲನ್ನು ಲಿಫ್ಟಿನಲ್ಲಿ ಮೇಲೆ ಕಳಿಸುವ ಈ ವಿದೇಶಾಂಗ ನೀತಿಯನ್ನು ಸಂಘದ ಮಹಾಸಭೆ ಇನ್ನೂ ಚರ್ಚಿಸಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದ ಪುಣ್ಯಾತ್ಮರು ಹಿತ್ತಲ ಹುಲ್ಲಿನ ಬಗ್ಗೆ ಹೇಳುವುದನ್ನು ಮರೆತರು. (ಕಾಂಪೌಂಡಿಗೆ ಕಳೆನಾಶಕ ಹೊಡೆದಿದ್ದರೆ ಮಾತ್ರ ಆ ಗರಿಕೆ ಮುಟ್ಟಬೇಡಿ. ದೇವರಿಗೂ ಬೇಡ.)

ಬೆಳಗ್ಗೆ ಗೇಟಿನ ಮುಂದೆ ಬರುವ ಸೊಪ್ಪಿನ ಅಜ್ಜಿಯ ಬುಟ್ಟಿಯಲ್ಲಿ ಈ ಸಮಸ್ಯೆಗೆ ಬೇಕಾದದ್ದೆಲ್ಲ ಇದೆ. ಮಫಿನ್‌ನ ಮಮ್ಮಿ ಒಮ್ಮೆ ಇಳಿದು ಬಂದು ಎರಡು ಕಟ್ಟು ಕೊತ್ತಂಬರಿ ಕೇಳಿದರು.

"ಚಟ್ನಿಗಾ ಅವ್ವಾ?"

"ಅಲ್ಲಜ್ಜಿ, ಮೊಲಕ್ಕೆ."

ಅಜ್ಜಿ ತಲೆಯೆತ್ತಿ ಮೂರನೇ ಮಹಡಿಯವರೆಗೂ ಕಣ್ಣು ಹಾಯಿಸಿ ಕೇಳಿದಳು: "ಮೊಲಕ್ಕಾಯ್ತು. ನಿಮ್ಗೆ?"

ಈ ಪ್ರಶ್ನೆಗೆ ಉತ್ತರ ಬರಲಿಲ್ಲ. ಅಜ್ಜಿಯೇ ಬುಟ್ಟಿಯ ತಳದಿಂದ ಒಂದು ಹಿಡಿ ಮೂಲಂಗಿ ಸೊಪ್ಪು ತೆಗೆದು, "ಇದ್ಕೆ ಕಾಸ್ ಬ್ಯಾಡ, ತಗಂಡೋಗಿ ಹಾಕಿ" ಎಂದಳು.

ನಾಲ್ಕನೇ ಮಹಡಿಯ ನಿವೃತ್ತರೊಬ್ಬರ ಸಲಹೆ ಬೇರೆ: "ಎರಡು ದಿನ ಉಪವಾಸ ಕೆಡವಿ, ತಾನೇ ತಿನ್ನುತ್ತೆ." ಮಕ್ಕಳ ಮೇಲೆ ಪ್ರಯೋಗಿಸಿ ಗೆದ್ದ ಸೂತ್ರವಂತೆ. ಮೊಲದ ಮೇಲೆ ಪ್ರಯೋಗಿಸಿದರೆ ಮೊಲ ಸಾಯುತ್ತದೆ. ಅದರ ಕರುಳು ಸದಾ ಓಡುತ್ತಿರಬೇಕು. ತಿನ್ನುವುದು ನಿಂತರೆ ಕರುಳೂ ನಿಲ್ಲುತ್ತದೆ, ಗಾಳಿ ತುಂಬಿಕೊಳ್ಳುತ್ತದೆ, ನೋವಿಗೆ ಮತ್ತಷ್ಟು ತಿನ್ನದಾಗುತ್ತದೆ. ಅರ್ಧ ದಿನ ಏನೂ ಮುಟ್ಟದ ಮೊಲ ಹಟ ಮಾಡುತ್ತಿಲ್ಲ, ಕಾಯಿಲೆ ಬಿದ್ದಿದೆ.

ಹಾಗಾಗಿ ದಾರಿ ಉಪವಾಸವಲ್ಲ, ಬಿಸ್ಕತ್ತಿಗೆ ಬೀಗ. ಸಿಹಿ, ಬೀಜ, ಕಾರ್ನ್‌ಫ್ಲೇಕ್ಸ್ ಪೂರ್ತಿ ಬಂದ್ ಮಾಡಿ ಗುಳಿಗೆಯನ್ನು ದಿನದಿನಕ್ಕೆ ಇಳಿಸುತ್ತ ಬಂದು, ಹುಲ್ಲನ್ನು ಮಾತ್ರ ಹಗಲು ರಾತ್ರಿ ಮುಂದಿಟ್ಟಿರಬೇಕು. ಸೊಪ್ಪನ್ನು ಒಂದೊಂದೇ ಬಗೆ, ಒಂದೆರಡು ಎಲೆಯಿಂದ ಶುರು ಮಾಡಬೇಕು. ಹೊಸ ಎಲೆಗೆ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳೂ ಒಗ್ಗಬೇಕಲ್ಲ. ಮೊದಲಿಗೆ ಘಮ ಇರುವವು: ಕೊತ್ತಂಬರಿ, ಪುದೀನ, ಸಬ್ಬಸಿಗೆ. ಮೂಗಿನ ಕೆಳಗಿರುವುದು ಮೊಲದ ಕಣ್ಣಿಗೆ ಕಾಣುವುದಿಲ್ಲ, ಅದು ವಾಸನೆಯಿಂದ, ಮೀಸೆಯಿಂದ ತಿಳಿಯುತ್ತದೆ. ಆದ್ದರಿಂದ ಎಲೆಯನ್ನು ಕೈಯಲ್ಲಿ ಹಿಸುಕಿ ಹುಲ್ಲಿನ ನಡುವೆ ಸಿಕ್ಕಿಸಿಡಿ, ಅಥವಾ ಬಾಳೆಹಣ್ಣಿನ ಸಿಪ್ಪೆಗೊಮ್ಮೆ ಸವರಿ ಕೊಡಿ. ಸೂರ್ಯ ಮುಳುಗುವ ಹೊತ್ತಿಗೆ, ತೊಳೆದ ತೇವ ಆರುವ ಮೊದಲು ಇಡಿ. ತಿನ್ನದಿದ್ದರೆ ನಾಳೆ ಮತ್ತೆ ಇಡಿ. ನಾಡಿದ್ದು ಮತ್ತೆ. ಹತ್ತು ನಿಮಿಷಕ್ಕೆ ಮನೆಬಾಗಿಲಿಗೆ ತಂದುಕೊಡುವ ಯಾವ ಆ್ಯಪಿನಲ್ಲೂ ತಾಳ್ಮೆ ಸ್ಟಾಕ್ ಇಲ್ಲ ಎಂಬುದೇ ಇಲ್ಲಿನ ದೊಡ್ಡ ತೊಡಕು.

ಒಮ್ಮೆ ಕಚ್ಚಿತೆಂದು ಕುಣಿದಾಡಿ ದಿನಾ ಪಾಲಕ್ ಸುರಿಯುವವರೂ ಇದ್ದಾರೆ. ಪಾಲಕ್, ದಂಟು, ಹರಿವೆಗಳಲ್ಲಿ ಆಕ್ಸಲೇಟ್ ಜಾಸ್ತಿ, ಅವನ್ನು ಸರದಿಯ ಮೇಲೆ ಸ್ವಲ್ಪವೇ ಕೊಡಬೇಕು. ಮೊಲದ ದೇಹ ಆಹಾರದ ಸುಣ್ಣದಂಶವನ್ನು ಧಾರಾಳವಾಗಿ ಹೀರಿಕೊಂಡು ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಸುಣ್ಣ ಹೆಚ್ಚಿರುವ ಕುದುರೆ ಮಸಾಲೆ ಸೊಪ್ಪನ್ನೇ ಬೆಳೆದ ಮೊಲಕ್ಕೆ ತಿನ್ನಿಸಿದರೆ ಮೂತ್ರಚೀಲದಲ್ಲಿ ಗಸಿ ಕೂರಬಹುದು. ಈರುಳ್ಳಿ, ಬೆಳ್ಳುಳ್ಳಿ, ಅವುಗಳ ಸೊಪ್ಪು, ಟೊಮೇಟೊ ಮತ್ತು ಆಲೂಗಡ್ಡೆ ಗಿಡದ ಎಲೆ, ಬಟರ್ ಫ್ರೂಟ್ ಇವು ಹತ್ತಿರವೂ ಸುಳಿಯಕೂಡದು. ಉಳಿದಂತೆ ಬಾಲ್ಕನಿಯ ಕುಂಡದ ದಾಸವಾಳದ ಎಲೆ, ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು, ಕಾಮಕಸ್ತೂರಿ, ಎಲ್ಲ ಆದೀತು. ರಾಮನಗರದ ರೇಷ್ಮೆ ಹುಳಕ್ಕೆ ಸಲ್ಲುವ ಊಟ ಮೂರನೇ ಮಹಡಿಯ ಮಫಿನ್‌ಗೂ ಸಲ್ಲುತ್ತದೆ. ಅಂತಸ್ತಿನ ಪ್ರಶ್ನೆ ಬಂದರೆ, ಹುಳವೇ ಕೊನೆಗೆ ಸೀರೆಯಾಗಿ ಮದುವೆಗೆ ಹೋಗುವುದು.

ಓದುಗ ಮಹಾಶಯರಲ್ಲಿ ಎರಡೇ ವಿನಂತಿ. ನಾಳೆ ಮೂಲಂಗಿ ಕೊಳ್ಳುವಾಗ ಅಂಗಡಿಯವನು ಎಂದಿನಂತೆ "ಸೊಪ್ಪು ಕಿತ್ತು ಕೊಡ್ಲಾ ಸಾರ್?" ಎಂದು ಕೇಳುತ್ತಾನೆ, ಬೇಡ, ಹಾಗೇ ಕೊಡಪ್ಪಾ ಎನ್ನಿ. ಎರಡನೆಯದು, ನಿಮ್ಮ ಮೊಲ ಬೆಳಗಿನಿಂದ ಸಂಜೆಯವರೆಗೆ ಹುಲ್ಲನ್ನೂ ಮುಟ್ಟದೆ, ಹಿಕ್ಕೆಯನ್ನೂ ಹಾಕದೆ ಮೂಲೆ ಹಿಡಿದಿದ್ದರೆ ಈ ಅಂಕಣವನ್ನು ಪಕ್ಕಕ್ಕಿಟ್ಟು, ಮೊಲಕ್ಕೆ ಚಿಕಿತ್ಸೆ ಗೊತ್ತಿರುವ ಪಶುವೈದ್ಯರ ಬಳಿಗೆ ಅದೇ ರಾತ್ರಿ ಹೊರಡಿ.