ಕುರಿ ಮುಂದೆ, ವೀರರು ಹಿಂದೆ

1974ರಲ್ಲಿ ಡೇವ್ ಆರ್ನೆಸನ್ ಜೊತೆ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಪಾತ್ರ ವಹಿಸಿ ಆಡುವ ಆಟ ಕಟ್ಟಿದ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಅದಕ್ಕೂ ಮೊದಲು ವಿಮಾ ಕಂಪನಿಯ ನೌಕರ. ಯಾರಿಗೆ ಯಾವ ಗಂಡಾಂತರ ಬರಬಹುದು ಎಂದು ಮುಂಚಿತವಾಗಿ ಅಳೆದಿಡುವ ಕೆಲಸ. ಇದು ತಿಳಿದ ಮೇಲೆ ಆ ಆಟಕ್ಕೆಂದು ಅವನು ಬರೆದ ‘ಟೂಂಬ್ ಆಫ್ ಹಾರರ್ಸ್’ ಎಂಬ ಗೋರಿಯ ಸಾಹಸ ನಮ್ಮ ಬೆಳುಗುಪ್ಪದವರಿಗೆ ಅಷ್ಟೇನೂ ಹೊಸದೆನಿಸಲಿಲ್ಲ. ಮಳೆ ಕಾಣದ ಅನಂತಪುರ ಸೀಮೆಯಲ್ಲಿ ಶೇಂಗಾ ಬಿತ್ತಿ, ಅದಕ್ಕೆ ವಿಮೆಯನ್ನೂ ಕಟ್ಟಿ, ಅದರ ಷರತ್ತುಗಳನ್ನು ತೆಲುಗಿನಲ್ಲಿ ಓದಿ ಕನ್ನಡದಲ್ಲಿ ಬೈದುಕೊಂಡವರು ನಾವು.

ತಮ್ಮ ಪಾತ್ರಗಳಿಗೆ ಸಾವೇ ಇಲ್ಲ ಎಂದು ಬೀಗುತ್ತಿದ್ದ ಆಟಗಾರರ ಸೊಕ್ಕು ಇಳಿಸಲು ಆತ ಈ ಗೋರಿ ತೋಡಿದ್ದ. 1975ರಲ್ಲಿ ಬಾಲ್ಟಿಮೋರ್‌ನ ಆಟದ ಮೇಳದಲ್ಲಿ ಇಟ್ಟ, 1978ರಲ್ಲಿ ಅಚ್ಚು ಹಾಕಿಸಿದ. ಬಾಗಿಲು ಅಂತ ತೆಗೆದರೆ ಭರ್ಜಿ ಬರುತ್ತದೆ. ನೆಲ ಅಂತ ಕಾಲಿಟ್ಟರೆ ಗುಂಡಿ. ಗೋಡೆಯಲ್ಲಿ ಬಾಯ್ತೆರೆದ ಹಸಿರು ಭೂತದ ಮುಖ. ಆ ಕಪ್ಪು ಬಾಯಿಗೆ ಕೈ ಹಾಕಿದರೆ ಕೈಯಿಲ್ಲ, ತಲೆ ಹಾಕಿದರೆ ಆಟವೇ ಇಲ್ಲ. ಕತ್ತಿ ಝಳಪಿಸುವವರು ಮೊದಲು ಸಾಯುತ್ತಾರೆ.

ದಸರಾ ರಜೆಗೆ ಬೆಂಗಳೂರಿನಿಂದ ಬಂದ ಅಕ್ಕನ ಮಗ ಇದನ್ನು ನಮ್ಮ ಕಟ್ಟೆಯ ಮೇಲೆ ಹರವಿದ. ಇಪ್ಪತ್ತು ಮುಖದ ದಾಳ ಕಂಡು, “ಇಷ್ಟು ಮುಖ ಶಕುನೀಗೂ ಇರ್ಲಿಲ್ವಲ್ಲೋ!” ಅಂದರು ಮೇಷ್ಟ್ರು. ಆಟಕ್ಕೆ ಕೂತವರು ನಾನು, ಮೇಷ್ಟ್ರು; ಮೂರನೆಯ ವೀರ ನಮ್ಮ ಬೀದಿಯ ತಾತ. ಅರವತ್ತು ವರ್ಷ ಕುರಿ ಕಾಯ್ದವನು, ಕಂಬಳಿ ಹೊದ್ದೇ ಆಟಕ್ಕೆ ಕೂತ.

“ಮಾಂತ್ರಿಕ ಆಗ್ತೀಯೋ, ಖಡ್ಗವೀರ ಆಗ್ತೀಯೋ, ತಾತ?”

“ಈ ಊರಾಗೆ ಕುರಿ ಸಿಗ್ತಾವೇನಪ್ಪ?”

ಹುಡುಗ ನಕ್ಕ. ಆದರೆ ನಿಯಮದ ಪುಸ್ತಕದಲ್ಲಿ ದರ ಇತ್ತು: ಆಡಿಗೆ ಒಂದು ಚಿನ್ನದ ನಾಣ್ಯ, ಕುರಿಗೆ ಎರಡು. ತಾತನ ಕಣ್ಣರಳಿತು. ಈ ದರಕ್ಕೆ ರಾಯದುರ್ಗದ ಕಡೆ ಕುರಿಯ ಬಾಲವೂ ಬರುವುದಿಲ್ಲವಂತೆ. ನಮ್ಮ ಮೂವರ ಕತ್ತಿ, ಕವಚಗಳ ದುಡ್ಡನ್ನೆಲ್ಲ ಕುರಿಗೆ ಸುರಿದು, ಉಳಿದ ಚಿಲ್ಲರೆಯಲ್ಲಿ ಹತ್ತಡಿಯ ಗಳ ಒಂದನ್ನು ಕೊಂಡ. “ನಡೀರಿ” ಅಂದ.

ಕುರಿ ಮುಂದೆ, ಗಳ ಅದರ ಹಿಂದೆ, ವೀರರು ಕಟ್ಟಕಡೆಗೆ. ಗುಂಡಿ ಎಲ್ಲಿದೆ ಎಂದು ಕುರಿ ಬಿದ್ದು ಹೇಳುತ್ತಿತ್ತು, ನಾವು ಸುತ್ತಿ ಹೋಗುತ್ತಿದ್ದೆವು. ಹಿಂದೆ ಗೈಗ್ಯಾಕ್ಸ್‌ನ ಜೊತೆಗಾರ ರಾಬ್ ಕುಂಟ್ಝ್ ಕೂಡ ಓರ್ಕ್ ಎಂಬ ರಾಕ್ಷಸ ಜಾತಿಯ ತನ್ನ ಆಳುಗಳನ್ನು ಹೀಗೇ ಮುಂದೆ ಅಟ್ಟಿ, ಒಳಗಿನ ನಿಧಿ ಬಾಚಿಕೊಂಡು ಓಡಿ ಬಂದಿದ್ದನಂತೆ. ತಾತನದು ಅದಕ್ಕಿಂತ ಮಾನವಂತ ಪದ್ಧತಿ. ಸತ್ತ ಪ್ರತಿ ಕುರಿಗೂ “ಅಯ್ಯೋ ನನ್ನವ್ವಾ” ಅನ್ನುತ್ತಿದ್ದ.

ತಕರಾರು ಬಂದದ್ದು ಹಸಿರು ಮುಖದ ಹತ್ತಿರ. ಒಂದು ಟಗರು ಬಾಯೊಳಗೆ ಹೋಗಿ ಮಾಯವಾಯಿತು.

“ಕಿವಿಯಾದ್ರೂ ಉಳೀತೇನಪ್ಪ?”

“ಏನೂ ಉಳಿಯಲ್ಲ ತಾತ.”

“ಕಿವಿ ಬಿಲ್ಲೆ ಇಲ್ದಿದ್ರೆ ಇನ್ಸೂರೆನ್ಸ್‌ನೋನು ಪೈಸೆ ಬಿಚ್ಚಲ್ಲ,” ಎಂದು ತಾತ ಎರಡೂ ಕೈ ಚೆಲ್ಲಿದ. ಇಂಥ ಬಾಯಿಯನ್ನು ವಿಮೆಯವನಲ್ಲದೆ ಬೇರೆ ಯಾರು ಕಲ್ಪಿಸಿಯಾರು ಎಂದು ಮೇಷ್ಟ್ರು ಗುನುಗಿದರು. ಆಟ ಅಲ್ಲಿಗೆ ನಿಂತು ಚಹಾ ಬಂತು.

ಗೋರಿಯ ತುದಿಯಲ್ಲಿ ಅಸೆರೆರಾಕ್ ಎಂಬ ಮಾಂತ್ರಿಕನ ತಲೆಬುರುಡೆ. ಅದರ ಕಣ್ಣು, ಹಲ್ಲುಗಳೆಲ್ಲ ರತ್ನ. ಮುಟ್ಟಿದವರ ಆತ್ಮವನ್ನೇ ಹೀರುತ್ತದೆ. ಅಕ್ಕನ ಮಗ ಅದಕ್ಕೆಂದೇ ಗಂಟಲು ಸರಿಮಾಡಿಕೊಂಡಿದ್ದ. ತಾತ ಅಲ್ಲಿಗೆ ಹೋಗಲೇ ಇಲ್ಲ. ದಾರಿಯಲ್ಲಿ ಸಿಕ್ಕ ಮಿಥ್ರಿಲ್ ಎಂಬ ಲೋಹದ ಎರಡು ಭಾರಿ ಬಾಗಿಲುಗಳ ಎದುರೇ ಕೂತುಬಿಟ್ಟ.

“ಇದು ಬೆಳ್ಳಿಗಿಂತ ಜಾಸ್ತಿ ರೇಟೇನು?”

“ಜಾಸ್ತಿ. ಆದ್ರೆ ನಿಧಿ ಒಳಗೈತೆ ತಾತ!”

“ಒಳಗಿದ್ದದ್ದು ಸತ್ತೋನ್ದು, ನಮಗ್ಯಾಕೆ? ಬಾಗ್ಲು ಬಿಚ್ಚಿಸು. ಬಂಡಿ ಬಾಡಿಗೆ ಎಷ್ಟು ಅಂತ ನೋಡು.”

ಹುಡುಗ ಪುಟ ತಿರುವತೊಡಗಿದ. ಬಾಡಿಗೆಯ ದರ ಇರಲಿಲ್ಲ, ಕೊಳ್ಳುವ ದರ ಮಾತ್ರ ಇತ್ತು. ಚೌಕಾಸಿ ಶುರುವಾಯಿತು.