ಒಂದೇ ಬೋರ್ಡು, ಭಾವ!
ಹೊನ್ನಾಳಿಯಲ್ಲಿ ನಾನು ಪೂಲ್ ಟೇಬಲ್ ಹುಡುಕಿದವನಲ್ಲ. ನನ್ನ ಪಾಲಿಗೆ ಕೇರಂ ಬೋರ್ಡೇ ಪೂಲು. ಪಣ ಮಂಡಕ್ಕಿ-ಮಿರ್ಚಿ. ಆಟಕ್ಕಿಂತ, ಎಷ್ಟು ಆಡಬೇಕು ಅನ್ನೋ ಅದರ ಮುಂಚಿನ ಚೌಕಾಸಿಯೇ ಸೊಗಸು. ನಿಯಮ ಕೇಳಿದರೆ ಒಂದು ಗೇಮಿಗೆ 25 ಪಾಯಿಂಟ್, ಇಲ್ಲವೇ 8 ಬೋರ್ಡು, ಅಂದರೆ ಎಂಟು ಸುತ್ತು; ಮೂರು ಗೇಮಲ್ಲಿ ಎರಡು ಗೆದ್ದವನೇ ಗೆದ್ದ.

ಚನ್ನಗಿರಿ ಭಾವ ಪಳಗಿದ ಕೈ. ಅದಕ್ಕೇ "ಮೂರು ಗೇಮ್ ಆಗ್ಲೇಬೇಕು" ಅಂತಾರೆ. ನಾನೋ, ಕಾಯಿಗಿಂತ ಸ್ಟ್ರೈಕರನ್ನೇ ಹೆಚ್ಚು ಗುಂಡಿಗೆ ಇಳಿಸುವವನು. "ಒಂದೇ ಬೋರ್ಡು ಭಾವ, ನ್ಯಾಮತಿ ಬಸ್ಸಿಗೆ ಹೊತ್ತಾಯ್ತು" ಅಂತೀನಿ. ಅದೃಷ್ಟ ಒಂದು ಬೋರ್ಡಿನ ಮಟ್ಟಿಗೆ ನನ್ನ ಕಡೆ ವಾಲೀತು. ಎಂಟು ಬೋರ್ಡು ಕೂತಿರೋ ತಾಳ್ಮೆ ಅದಕ್ಕೆಲ್ಲಿ?

ಬೆಂಗಳೂರಿನ ಪಂಕಜ್ ಅಡ್ವಾಣಿಗೆ ಆಟ ಎಷ್ಟುದ್ದ ಅನ್ನೋ ಈ ತಕರಾರೇ ಇಲ್ಲ. ಬಿಲಿಯರ್ಡ್ಸಿನಲ್ಲಿ ಪಾಯಿಂಟಿನ ಲೆಕ್ಕದ್ದು, ಗಡಿಯಾರದ ಲೆಕ್ಕದ್ದು, ಎರಡೂ ವಿಶ್ವ ಪಟ್ಟವನ್ನು 2005ರಲ್ಲೇ ಹೊಡೆದರು. ಅಂಥವರಿಗೆ ಬಸ್ಸಿನ ನೆಪ ಯಾಕೆ ಬೇಕು!

ಮೊನ್ನೆ ಭಾವ ಒಂದೇ ಬೋರ್ಡಿಗೆ ಒಪ್ಪಿಬಿಟ್ಟರು. ರೆಡ್ ಹಾಕಿದೆ. ಅದರ ಬೆನ್ನಿಗೇ ಹಾಕಬೇಕಾದ ಕಾಯಿ, ಫಾಲೋ, ತಪ್ಪಿತು. ರೆಡ್ ನಾಚಿಕೊಂಡು ಮತ್ತೆ ನಡುವೆ ಬಂದು ಕೂತಿತು. ಎಣ್ಣೆ ಹೀರಿದ ಪೇಪರು ಬಿಚ್ಚುತ್ತಾ ಭಾವ ಕೇಳಿದರು: "ಬಸ್ಸು ಎಷ್ಟೊತ್ತಿಗಪ್ಪಾ?"