ಬ್ಯಾಡಗಿಯಲ್ಲಿ ಗಾಳಿಗೆ ಬೇರೆ ಕೆಲಸವಿದೆ

ಗುಜರಾತಿನವರು ಸಂಕ್ರಾಂತಿಗೆ ಮಾಳಿಗೆ ಹತ್ತಿ ಗಾಳಿಪಟ ಬಿಡುವುದನ್ನು ಟಿವಿಯಲ್ಲಿ ನೋಡಿದ ಮೊಮ್ಮಗ ‘ಅಜ್ಜಾ, ನಾವೂ ಬಿಡೂಣು’ ಅಂತ ಗಂಟುಬಿದ್ದ. ಪಟಕ್ಕೆ ಆಷಾಢವೇ ಸರಿ. ಆಗಿನ ಗಾಳಿಗೆ ಪಟವೇನು, ಉಟ್ಟ ಧೋತರವೂ ಹಾರುತ್ತದೆ. ಜನವರಿಯಲ್ಲಿ ಬ್ಯಾಡಗಿಯ ಗಾಳಿಗೆ ಒಂದೇ ಕೆಲಸ: ಮೆಣಸಿನಕಾಯಿ ಘಾಟನ್ನು ಮನೆಮನೆಗೆ ಮುಟ್ಟಿಸುವುದು.

ಹಬ್ಬ ಬರುವುದೇ ಮೆಣಸಿನಕಾಯಿ ಸುಗ್ಗಿಯಲ್ಲಿ. ಸೋಮವಾರ, ಗುರುವಾರ ಮಾರುಕಟ್ಟೆಯಲ್ಲಿ ಚೀಲದ ಮೇಲೆ ಚೀಲ, ಪಕ್ಕದಲ್ಲೊಬ್ಬ ಸೀನುವವ. ಕಡ್ಡಿ, ಡಬ್ಬಿ ಅಂತ ಎರಡು ತಳಿ. 2011ರಲ್ಲಿ ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಬಣ್ಣ ಹೆಚ್ಚು, ಖಾರ ಕಡಿಮೆ ಅನ್ನುತ್ತಾರೆ. ಲಿಪ್‌ಸ್ಟಿಕ್‌ಗೂ ಇದರ ಬಣ್ಣವೇ. ತುಟಿ ಒಪ್ಪಬಹುದು, ನಮ್ಮ ಮೂಗು ಒಪ್ಪಿಲ್ಲ.

ಹಬ್ಬದ ಬೆಳಿಗ್ಗೆ ಮೈಗೆ ಎಳ್ಳು ಹಚ್ಚಿಕೊಂಡು ಬುತ್ತಿ ಸಮೇತ ಗಳಗನಾಥಕ್ಕೆ ಹೊರಟೆವು. ಅಲ್ಲಿ ವರದೆ ತುಂಗಭದ್ರೆಯನ್ನು ಸೇರುತ್ತಾಳೆ. ನಮ್ಮ ಲಕ್ಷ್ಯ ಮಾತ್ರ ಸಜ್ಜಿ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಮಾದಲಿ ಕಡೆ. ಮೊಮ್ಮಗ ಪಟ ಹಿಡಿದು ದಂಡೆಯುದ್ದಕ್ಕೂ ಓಡಿದ. ಅದು ಏಳಲಿಲ್ಲ.

‘ಅಜ್ಜಾ, ಗಾಳಿ ಎಲ್ಲೈತಿ?’

‘ಮಾದಲಿ ತಿಂದು ಮಲಗೇತಪಾ.’

ಸಂಜೆ ಕುಸುರೆಳ್ಳು ಹಂಚುವ ಗದ್ದಲ. ನಿನ್ನೆ ದರಕ್ಕಾಗಿ ಕೂಗಾಡಿದ ರೈತ, ದಲಾಲ ಇಬ್ಬರೂ ‘ಎಳ್ಳು ಬೆಲ್ಲ ತಗೊಂಡು ಛಲೋ ಇರೂಣ್ರಿ’ ಎಂದು ಕೈಮುಗಿದರು. ಈ ಕರಾರು ಮುಂದಿನ ಟೆಂಡರ್‌ವರೆಗೆ.

ಮುಂದಿನ ಸಂಕ್ರಾಂತಿಗೆ ನೀವೂ ಬರ್ರಿ. ಊಟ ನಮ್ಮದು, ಕರವಸ್ತ್ರ ಮಾತ್ರ ನೀವೇ ತರಬೇಕು, ಎರಡಿದ್ದರೆ ಒಳ್ಳೆಯದು.